ಕಿತ್ತಳೆ ಪಟ್ಟಿ

ಪರದೇಶದ ಕೆಲಸಕ್ಕೆ ಹೊರಟ ಹೆಂಗಸರಿಗೆಲ್ಲ ಏಜೆಂಟು ಒಂದೇ ಥರದ ಬ್ಯಾಗು ಹಂಚಿದ್ದ. ಕಡುನೀಲಿ ಬಣ್ಣ, ಎರಡು ಚಕ್ರ, ಮುಂದೆ ಕಂಪನಿಯ ಹೆಸರು. ಸೊಸೆ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಅತ್ತೆಯ ಮೇಜಿನ ಮೇಲೆ, ಕತ್ತರಿಸಿದ ಬಟ್ಟೆಗಳ ನಡುವೆ ನಿಲ್ಲಿಸಿದಳು.

ಅತ್ತೆಯನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅವಳು ಕನ್ನಡಕ ಸರಿಮಾಡಿಕೊಂಡು ಬ್ಯಾಗಿನ ಅಂಚನ್ನು ಉಗುರಿನಿಂದ ಕೆರೆದಳು.

"ಏನು ಹೊಲಿಗೆಯೋ. ಹೋಗೋವಾಗ ಬ್ಯಾಗು, ಬರೋವಾಗ ಚಿಂದಿ."

"ಹೋಗೋವರೆಗೆ ಬಂದರೆ ಸಾಕು ಅತ್ತೆ. ಏನಾದರೂ ಗುರುತು ಹಾಕಿಕೊಳ್ಳಿ ಅಂದ. ಅಲ್ಲಿ ವಿಮಾನ ಇಳಿದ ಮೇಲೆ ಎಲ್ಲರ ಬ್ಯಾಗೂ ಬೆಲ್ಟಿನ ಮೇಲೆ ಸುತ್ತುತ್ತಾ ಬರುತ್ತಂತೆ. ನಮ್ಮದು ಯಾವುದು ಅಂತ ನೋಡಿ ನಾವೇ ಎತ್ತಿಕೊಳ್ಳಬೇಕು."

"ಹೆಸರು ಬರೆದರಾಯ್ತಪ್ಪ" ಎಂದ ಸೊಸೆಯ ಗಂಡ, ಒಳಕೋಣೆಯ ಮಂಚದಿಂದ. ಅವನು ರಸ್ತೆ ಹಾಕುವ ಕೆಲಸದಲ್ಲಿದ್ದವನು. ಬೀದಿಯಲ್ಲಿ ಅವನಿಗೆ ಡಾಂಬರು ಎಂದೇ ಹೆಸರು. ಡಾಂಬರಿನ ಪೀಪಾಯಿ ಉರುಳಿ ಸೊಂಟದ ಮೇಲೆ ಬಿದ್ದ ಮೇಲೆ ಕೆಲಸ ಹೋಯಿತು, ಹೆಸರು ಉಳಿಯಿತು.

"ಬರೆಯೋ ಹಾಗಿಲ್ಲ. ಕಂಪನಿ ಬ್ಯಾಗು, ವಾಪಸ್ ಕೊಡಬೇಕು."

"ಬರೆದದ್ದು ಹೋಗಲ್ಲ, ಹೊಲಿದದ್ದು ಬಿಚ್ಚಬಹುದು" ಎಂದಳು ಟೈಲರಮ್ಮ. ಅವಳಿಗೆ ಆಗಲೇ ಕೈ ಕಡಿಯುತ್ತಿತ್ತು. "ನಿನ್ನ ಹಳೇ ಜಾಕೀಟು ಎಲ್ಲಿದೆಯೋ?"

ಅವನು ಗೋಡೆಯ ಕಡೆ ಮಗ್ಗುಲಾದ. ಹೆಂಡತಿ ಪರದೇಶಕ್ಕೆ ಹೋಗುವುದು ಅವನಿಗೆ ಒಪ್ಪಿಗೆಯಿರಲಿಲ್ಲ. ಆದರೆ ಮನೆಗೆ ಅಕ್ಕಿ ತರದವನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಸೊಸೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಅದೇ ಕೆಲಸಕ್ಕೆ ಅಲ್ಲಿ ದೊಡ್ಡ ಹೋಟೆಲಿನಲ್ಲಿ ಐದು ಪಟ್ಟು ಸಂಬಳ ಎಂದು ಏಜೆಂಟು ಹೇಳಿದಾಗ ಹೂಂ ಅಂದವಳು ಅತ್ತೆ. ಸೊಸೆ ಬೇಡ ಅನ್ನಲಿಲ್ಲ, ಅಷ್ಟೆ.

ಜಾಕೀಟು ಮಂಚದ ಕೆಳಗೆ ಸಿಕ್ಕಿತು. ರಾತ್ರಿ ರಸ್ತೆ ಕೆಲಸದವರು ಹಾಕಿಕೊಳ್ಳುವಂಥದ್ದು. ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ, ಅದರ ಮೇಲೆ ಬೆಳಕು ಬಿದ್ದರೆ ಹೊಳೆಯುವ ಬೆಳ್ಳಿ ಗೆರೆ. ಟೈಲರಮ್ಮ ಡಾಂಬರು ಮೆತ್ತಿದ ಜಾಗ ಬಿಟ್ಟು, ಬೆನ್ನಿನಿಂದ ಒಂದು ಅಗಲವಾದ ಪಟ್ಟಿ ಕತ್ತರಿಸಿದಳು.

"ಇದು ಬೆಲ್ಟಿನ ಮೇಲಲ್ಲ, ಬೆಟ್ಟದ ಮೇಲಿಂದ ನೋಡಿದರೂ ಕಾಣುತ್ತೆ" ಎಂದಳು.

ಪಟ್ಟಿ ಬರೀ ಗುರುತಿಗಲ್ಲ. ಸೊಸೆಗೆ ಮೂರ್ಛೆ ರೋಗವಿತ್ತು. ಮಗಳು ಹುಟ್ಟಿದ ವರ್ಷ ಶುರುವಾದದ್ದು. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ನುಂಗಿದರೆ ಅವಳು ಎಲ್ಲರ ಹಾಗೇ ಇರುತ್ತಿದ್ದಳು. ಮನೆಯ ನಾಲ್ಕು ಜನರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಏಜೆಂಟಿಗಂತೂ ಗೊತ್ತಾಗುವಂತಿರಲಿಲ್ಲ. ಕೈಚೀಲ, ಬ್ಯಾಗು ಎರಡನ್ನೂ ನಾನೇ ಬಿಚ್ಚಿ ನೋಡುತ್ತೇನೆ, ಔಷಧಿ ಸಿಕ್ಕಿದವರು ಅಲ್ಲಿಂದಲೇ ಮನೆಗೆ ಎಂದು ಅವನು ಮೊದಲ ದಿನವೇ ಹೇಳಿದ್ದ. ಹಿಂದಿನ ಗುಂಪಿನಲ್ಲಿ ಸಕ್ಕರೆ ಕಾಯಿಲೆಯ ಒಬ್ಬಳನ್ನು ಹಾಗೆಯೇ ಇಳಿಸಿದ್ದನಂತೆ.

ಏಜೆಂಟು ಕೊಟ್ಟ ಮುಂಗಡದಲ್ಲಿ ಮಾತ್ರೆ ಕೊಂಡಿದ್ದರು. ಟೈಲರಮ್ಮ ಬ್ಯಾಗಿನ ಹೊರಮೈಯ ಹೊಲಿಗೆಯನ್ನು ಒಂದು ಗೇಣು ಬಿಚ್ಚಿದಳು. ಮಾತ್ರೆಯ ಹಾಳೆಗಳನ್ನು ಹತ್ತಿಯಲ್ಲಿ ಸುತ್ತಿ, ತೆಳ್ಳಗೆ ತಟ್ಟಿ, ಒಳಗೆ ತೂರಿಸಿದಳು. ಮೇಲೆ ಕಿತ್ತಳೆ ಪಟ್ಟಿ ಇಟ್ಟು ಸುತ್ತಲೂ ಕೈಹೊಲಿಗೆ ಹಾಕಿದಳು. ಮುಗಿಸಿ ಅಂಗೈಯಿಂದ ಒತ್ತಿ ನೋಡಿದಳು. ಏನೂ ಸಿಗುತ್ತಿರಲಿಲ್ಲ.

"ಪಟ್ಟಿ ಎಲ್ಲಿದೆಯೋ ಮಾತ್ರೆ ಅಲ್ಲಿದೆ. ಬ್ಯಾಗು ಹೋದರೆ ಪ್ರಾಣ ಹೋಯ್ತು ಅಂತ ತಿಳ್ಕೋ. ದಾರಿಗೆ ಅಂತ ಒಂದಿಷ್ಟು ಒಳಲಂಗದ ಜೇಬಲ್ಲಿ ಹೊಲಿದಿದ್ದೀನಿ. ಒಂದು ವಾರಕ್ಕೆ ಬರುತ್ತೆ."

"ಹೂಂ ಅತ್ತೆ."

ಮೊಮ್ಮಗಳು ಮೇಜಿನ ಕೆಳಗೆ ಕೂತು ಗುಂಡಿಗಳ ಡಬ್ಬ ಕೆದಕುತ್ತಿದ್ದಳು. ಹನ್ನೊಂದರ ಹುಡುಗಿ, ಮೈಮೇಲೆ ಮಾಂಸವೇ ಇಲ್ಲ. ಅದಕ್ಕೆ ಕಡ್ಡಿ ಅನ್ನುತ್ತಿದ್ದರು. ಅವಳು ಕೋಟಿನದೊಂದು ದೊಡ್ಡ ಕಂದು ಗುಂಡಿ ಹುಡುಕಿ ತೆಗೆದಳು. ಅಂಚು ಮುರಿದಿತ್ತು. ಅಜ್ಜಿ ಅಡುಗೆಮನೆಗೆ ಹೋದಾಗ ಅದನ್ನು ಪಟ್ಟಿಯ ಮೂಲೆಗೆ ಬಿಳಿ ದಾರದಲ್ಲಿ ಹೊಲಿದಳು. ದಾರ ಗಂಟುಗಂಟಾಗಿ ಉಂಡೆಯಾಯಿತು.

"ಅಮ್ಮ, ಇದನ್ನ ನೋಡ್ಕೋ. ಇದು ನಾನು ಹಾಕಿದ್ದು."

ತಾಯಿ ಗುಂಡಿಯನ್ನು ಎಳೆದು ನೋಡಿದಳು. "ಗಟ್ಟಿ ಇದೆ. ಇದನ್ನೇ ನೋಡ್ಕೋತೀನಿ ಬಿಡು."

ಬ್ಯಾಗು ಹೊಸಿಲ ಬಳಿ ನಿಂತದ್ದೇ ತಪ್ಪಾಯಿತೇನೋ. ಬಟ್ಟೆ ಹೊಲಿಸಲು ಬಂದವರು ನೋಡಿದರು. ಅದೇ ಗುಂಪಿನಲ್ಲಿ ಹೋಗುವವರು ಆಚೀಚೆ ಬೀದಿಗಳಲ್ಲಿ ಬಹಳ ಜನ ಇದ್ದರು. ಮೊದಲು ಬಂದವಳು ಬೇಕರಿಯವನ ತಂಗಿ.

"ಟೈಲರಮ್ಮ, ಎಷ್ಟು ನೀಟಾಗಿದೆ. ನನಗೂ ಇಂಥದ್ದೇ ಹಾಕಿಕೊಡಿ."

"ಬೇರೆ ಬಣ್ಣದ್ದು ಹಾಕ್ತೀನಿ."

"ಬೇರೆ ಬೇಡ. ಇಂಥದ್ದೇ."

ಸಂಜೆಯೊಳಗೆ ಇನ್ನೂ ಮೂವರು ಬಂದರು. ಎಲ್ಲರಿಗೂ ಇಂಥದ್ದೇ ಬೇಕಿತ್ತು. ಸಿದ್ಧ ಉಡುಪಿನ ಅಂಗಡಿ ಬಂದ ಮೇಲೆ ಟೈಲರಮ್ಮನ ಬಾಗಿಲಲ್ಲಿ ಜನ ನಿಂತದ್ದು ಕಡಿಮೆ. ಅವಳ ದನಿಯೇ ಬದಲಾಯಿತು. ಊಟಕ್ಕೆ ಕೂತಾಗ ಮಗನಿಗೆ ಹೇಳಿದಳು:

"ನಿನ್ನ ಹಳೇ ಗೆಳೆಯರ ಹತ್ತಿರ ಇಂಥ ಜಾಕೀಟು ಇರುತ್ತಲ್ಲ, ಕೇಳಿ ತಗೊಂಡು ಬಾ."

"ಸೊಂಟ ಮುರಿದವನು ಈಗ ನೆನಪಾದ್ನಾ?"

"ಸೊಂಟ ಮುರಿದಿದೆ, ಬಾಯಿ ಮುರಿದಿಲ್ಲವಲ್ಲ. ಕೇಳೋಕೆ ಬಾಯಿ ಸಾಕು."

ಅವನು ನಕ್ಕ. ತಿಂಗಳುಗಳ ಮೇಲೆ ಅವನಿಗೊಂದು ಕೆಲಸ ಸಿಕ್ಕಿತ್ತು. ಮರುದಿನ ಕೋಲೂರಿಕೊಂಡು ಹೋಗಿ, ಒಂದು ಮೂಟೆ ಜಾಕೀಟು ಆಟೋದಲ್ಲಿ ತಂದ.

ಅದೇ ರಾತ್ರಿಯ ಊಟದಲ್ಲಿ ಸೊಸೆ ತಟ್ಟೆಗೆ ಬೇಳೆ ಬಡಿಸುತ್ತಾ ಮೆಲ್ಲಗೆ ಹೇಳಿದ್ದಳು: "ಅತ್ತೆ, ಎಲ್ಲರಿಗೂ ಒಂದೇ ಪಟ್ಟಿ ಹಾಕಿದರೆ ಗುರುತು ಎಲ್ಲಿ ಉಳೀತು?"

"ನಿನ್ನದು ನನ್ನ ಕೈಹೊಲಿಗೆ. ಅವರದ್ದೆಲ್ಲ ಮಶೀನು ಹೊಲಿಗೆ. ನೋಡಿದರೆ ಗೊತ್ತಾಗಲ್ವಾ?"

"ನಿಮಗೆ ಗೊತ್ತಾಗುತ್ತೆ."

"ಇಷ್ಟು ವರ್ಷ ಟೈಲರ್ ಮನೇಲಿ ಇದ್ದು ಕೈಹೊಲಿಗೆ ಗೊತ್ತಾಗಲ್ಲ ಅಂದರೆ ನಾನೇನು ಮಾಡಲಿ?"

ಕಡ್ಡಿ ತಾಯಿಯ ಮಂಡಿ ಚಿವುಟಿ ಪಿಸುಗುಟ್ಟಿದಳು: "ಗುಂಡಿ ಇದೆಯಲ್ಲಮ್ಮ."

ಹೊರಡುವ ದಿನದೊಳಗೆ ಗುಂಪಿನ ಬಹುತೇಕ ಬ್ಯಾಗುಗಳಿಗೆ ಕಿತ್ತಳೆ ಪಟ್ಟಿ ಬಿದ್ದಿತ್ತು. ಆ ಬೆಳಿಗ್ಗೆ ಟೈಲರಮ್ಮ ಸೊಸೆಯ ಬ್ಯಾಗನ್ನು ಕೊನೆಯ ಸಲ ಒರೆಸಿದಳು. ಆಗ ಗುಂಡಿ ಕಂಡಿತು. ಬೇರೆ ಬ್ಯಾಗುಗಳನ್ನು ಒಯ್ಯಲು ಬಂದ ಹೆಂಗಸರು ಬಾಗಿಲಲ್ಲಿ ನಿಂತಿದ್ದರು.

"ಇದೇನಿದು, ಮೇಕೆ ಹಿಕ್ಕೆ ಅಂಟಿದ ಹಾಗೆ" ಎಂದು ಬೇಕರಿಯವನ ತಂಗಿ ನಕ್ಕಳು. "ನಿಮ್ಮ ಕೈಕೆಲಸವಾ ಟೈಲರಮ್ಮ?"

ಟೈಲರಮ್ಮ ಬ್ಯಾಗನ್ನು ಹತ್ತಿರ ಎಳೆದುಕೊಂಡಳು. ಸಣ್ಣ ಕತ್ತರಿ ತೆಗೆದು ದಾರ ಕತ್ತರಿಸಿದಳು, ಗುಂಡಿಯನ್ನು ಡಬ್ಬಕ್ಕೆ ಎಸೆದಳು. ಕಡ್ಡಿ ಶಾಲೆಗೆ ಹೋಗಿದ್ದಳು. ಸೊಸೆ ಸ್ನಾನಕ್ಕೆ ಹೋಗಿದ್ದಳು. ವ್ಯಾನು ಬಂದು ಹಾರನ್ ಹೊಡೆದಾಗ ಏಜೆಂಟಿನ ಹುಡುಗರೇ ಬ್ಯಾಗುಗಳನ್ನು ಎತ್ತಿ ಮೇಲೆ ಪೇರಿಸಿದರು. ಸೊಸೆ ಒದ್ದೆ ತಲೆಯಲ್ಲೇ ಹತ್ತಿದಳು. ಗಂಡ ಬಾಗಿಲವರೆಗೆ ಬಂದು, "ಹುಷಾರು" ಅಂದ. ಅಷ್ಟರಲ್ಲಿ ವ್ಯಾನು ತಿರುವು ದಾಟಿತ್ತು.

ಅಲ್ಲಿ ಫೋನನ್ನು ಕಂಪನಿಯವರು ತೆಗೆದಿಟ್ಟುಕೊಳ್ಳುತ್ತಿದ್ದರು. ಭಾನುವಾರ ಮಧ್ಯಾಹ್ನದಿಂದ ಸಂಜೆಯವರೆಗೆ ಮಾತ್ರ ಕೊಡುತ್ತಿದ್ದರು. ಮೊದಲ ಭಾನುವಾರ ಮೂವರೂ ಊಟ ಬಿಟ್ಟು ಫೋನಿನ ಸುತ್ತ ಕೂತಿದ್ದರು. ಟೈಲರಮ್ಮ ಫೋನನ್ನು ಮಶೀನಿನ ಮೇಲಿಟ್ಟು ಸ್ಪೀಕರು ಹಾಕಿದಳು.

"ಅತ್ತೆ, ಬ್ಯಾಗು ನನ್ನದಲ್ಲ."

"ಏನಂದೆ?"

"ಬೇರೆ ಯಾರದೋ ಬಂದಿದೆ. ದಪ್ಪ ಹೆಂಗಸಿನ ಬಟ್ಟೆ. ಪಟ್ಟಿ ಬಿಚ್ಚಿ ನೋಡಿದೆ, ಒಳಗೆ ಏನೂ ಇಲ್ಲ."

"ಎತ್ತಿಕೊಳ್ಳೋವಾಗ ಕಣ್ಣು ಎಲ್ಲಿತ್ತು ನಿನ್ನದು?"

"ಬೆಲ್ಟಿನ ಪಕ್ಕದಲ್ಲೇ ನಿಂತಿದ್ದೆ ಅತ್ತೆ. ಬಂದದ್ದೆಲ್ಲ ಕಿತ್ತಳೆ ಪಟ್ಟಿದೇ. ಅಲ್ಲಿ ಲೈಟು ಬೇರೆ, ಎಲ್ಲಾ ಹೊಳೀತಿತ್ತು. ನಾನು ಗುಂಡಿ ಹುಡುಕಿದೆ. ಒಂದೊಂದನ್ನೂ ತಿರುಗಿಸಿ ನೋಡಿದೆ. ಗುಂಡಿ ಇರೋದು ಬರಲೇ ಇಲ್ಲ. ಎಲ್ಲರೂ ಎತ್ತಿಕೊಂಡು ಹೋದರು. ನಾನು ಕಾಯ್ತಾನೇ ಇದ್ದೆ. ಕೊನೆಗೆ ಒಂದೇ ಉಳೀತು. ಸೂಪರ್‌ವೈಸರು ಬೈದ, ಅದನ್ನೇ ಎತ್ತಿ ನನ್ನ ಕೈಗೆ ಕೊಟ್ಟ. ಬ್ಯಾಗುಗಳ ನಂಬರಿನ ಚೀಟಿ ಎಲ್ಲ ಅವನ ಹತ್ತಿರಾನೇ ಒಟ್ಟಿಗೆ ಇತ್ತು."

ಕಡ್ಡಿ ಅಜ್ಜಿಯ ಮುಖ ನೋಡಿದಳು. ಎದ್ದು ಹೋಗಿ ಡಬ್ಬದ ಮುಚ್ಚಳ ತೆಗೆದಳು. ಕಂದು ಗುಂಡಿ ಮೇಲೆಯೇ ಇತ್ತು. ಅದರ ತೂತಿನಲ್ಲಿ ಬಿಳಿ ದಾರ ಇನ್ನೂ ಹಾಗೇ ಇತ್ತು.

"ಮಾತ್ರೆ ಎಷ್ಟಿದೆ?" ಎಂದು ಗಂಡ ಕೇಳಿದ.

"ನಾಲ್ಕು. ಇವತ್ತಿಂದ ಅರ್ಧ ಅರ್ಧ ತಗೋತೀನಿ. ರೀ, ಬೇಗ ಏನಾದರೂ ಮಾಡಿ. ಕಡ್ಡಿ ಇದ್ದಾಳಾ?"

ಕಡ್ಡಿ ಗುಂಡಿ ಹಿಡಿದು ನಿಂತಿದ್ದಳು. "ಅಮ್ಮ, ನಾನು ಹಾಕಿದ್ದೆ. ಬಿದ್ದು ಹೋಗಿಲ್ಲ" ಎನ್ನುವಷ್ಟರಲ್ಲಿ ಲೈನು ಕಡಿಯಿತು.

"ನಾನೇ ಬಿಚ್ಚಿದೆ" ಎಂದಳು ಟೈಲರಮ್ಮ. "ಅಷ್ಟು ಜನ ನೋಡ್ತಿದ್ದರು. ಅಸಹ್ಯವಾಗಿತ್ತು."

"ಅಸಹ್ಯ" ಎಂದ ಮಗ. "ನಿನ್ನ ಹೊಲಿಗೆಗೆ ಮೆಚ್ಚುಗೆ ಬೇಕು, ಅದಕ್ಕೆ ಅವಳ ಪ್ರಾಣ ಒತ್ತೆ ಇಟ್ಟೆ."

"ಜಾಕೀಟು ತಂದು ಸುರಿದವನು ಯಾರು? ಮೂಟೆ ಇಳಿಸೋವಾಗ ನಿನ್ನ ಮುಖ ನೋಡಬೇಕಿತ್ತು, ಮದುವೆ ಗಂಡಿನ ಹಾಗಿತ್ತು."

"ನೀನು ಹೇಳಿದೆ, ತಂದೆ."

"ನಾನು ಹೇಳಿದ್ದನ್ನೆಲ್ಲ ಮಾಡಿದ್ದರೆ ಇವತ್ತು ಹೀಗಿರ್ತಿದ್ಯಾ?"

ಅನ್ನ ಆರಿ ಗಟ್ಟಿಯಾಗಿತ್ತು. ಅದನ್ನೇ ಮೂವರೂ ಬೇರೆ ಬೇರೆ ಮೂಲೆಗಳಲ್ಲಿ ಕೂತು ತಿಂದರು.

ಆ ವಾರ ಟೈಲರಮ್ಮ ತಾನು ಪಟ್ಟಿ ಹೊಲಿದುಕೊಟ್ಟ ಮನೆಮನೆಗೂ ಹೋದಳು. ಬ್ಯಾಗು ಅದಲುಬದಲಾಗಿದೆ, ಹಸಿರು ಸ್ವೆಟರು, ಬಿಳಿ ಟವೆಲ್ಲು ಇರುವ ಬ್ಯಾಗು ನಿಮ್ಮವಳಿಗೆ ಬಂದಿದೆಯಾ ಕೇಳಿ ಎಂದಳು. ಮಾತ್ರೆಯ ಸುದ್ದಿ ಎತ್ತಲಿಲ್ಲ. ಎರಡನೆಯ ಭಾನುವಾರ ಮಧ್ಯಾಹ್ನ ಸೊಸೆ ಫೋನಿನಲ್ಲಿ ಮಾತ್ರೆ ಮುಗಿಯಿತು ಎಂದಷ್ಟೇ ಹೇಳಿದಳು. ಸಂಜೆ ಬೇಕರಿಯವನು ತಾನೇ ಕರೆದು ಹೇಳಿದ. ಗಲ್ಲಾದ ಹಿಂದೆ ಕೂತು ಬ್ರೆಡ್ಡು ಕೊಯ್ಯುತ್ತಿದ್ದ.

"ನಿಮ್ಮ ಸೊಸೆ ಬ್ಯಾಗು ನಮ್ಮ ತಂಗಿ ಹತ್ತಿರಾನೇ ಇದೆ. ಹಸಿರು ಸ್ವೆಟರು ಬೆಚ್ಚಗಿದೆಯಂತೆ."

"ಅದನ್ನ ಕಳಿಸೋಕೆ ಹೇಳಪ್ಪ."

"ಅವಳಿರೋದು ಬೇರೆ ಊರಿನ ಹೋಟೆಲು. ಬಸ್ಸಲ್ಲಿ ಒಂದು ದಿನದ ದಾರಿ. ಎರಡು ಹಳೇ ಬಟ್ಟೆಗೆ ಯಾರು ಪಾರ್ಸಲ್ ಖರ್ಚು ಹಾಕ್ತಾರೆ? ನಮ್ಮವಳು ನಿಮ್ಮವಳದ್ದು ಹಾಕ್ಕೊಳ್ಳಲಿ, ನಿಮ್ಮವಳು ಇನ್ನೊಬ್ಬಳದ್ದು. ರಜಕ್ಕೆ ಬಂದಾಗ ಬದಲಾಯಿಸಿಕೊಂಡರಾಯ್ತು."

"ಖರ್ಚು ನಾನು ಕೊಡ್ತೀನಿ."

ಬೇಕರಿಯವನು ಚಾಕು ನಿಲ್ಲಿಸಿ ಅವಳನ್ನು ನೋಡಿದ. ಟೈಲರಮ್ಮ ಯಾವತ್ತೂ ಒಂದು ಬನ್ನಿಗೂ ಚೌಕಾಶಿ ಮಾಡದೆ ಹೋದವಳಲ್ಲ.

"ಅಷ್ಟೇನಿದೆ ಅದರಲ್ಲಿ?"

"ಏನಿರುತ್ತೆ, ಬಟ್ಟೆ. ಬ್ಯಾಗು ಹಾಗೇ ಇಟ್ಟಿರಲಿ ಅಂತ ಹೇಳು. ಆ ಕಿತ್ತಳೆ ಪಟ್ಟಿ ಮಾತ್ರ ಬಿಚ್ಚಬೇಡ ಅಂತ ಹೇಳು. ಮುಟ್ಟಲೇಬಾರದು."

"ಪಟ್ಟಿನಾ?"

"ಕಂಪನಿ ಬ್ಯಾಗಲ್ವಾ, ಬಟ್ಟೆ ಹರಿದು ಹೋಗುತ್ತೆ."

"ಸರಿ. ಅವಳ ಕೈಲಿ ಇನ್ನೂ ಅರ್ಧ ಗಂಟೆ ಫೋನಿರುತ್ತೆ, ಈಗಲೇ ಹೇಳ್ತೀನಿ."

ಮನೆಗೆ ಬಂದು ಅವಳು ಇದನ್ನೆಲ್ಲ ಒದರಿದಾಗ ಮಗ ತಲೆ ಚಚ್ಚಿಕೊಂಡ.

"ನಿಜ ಹೇಳೋದು ತಾನೇ. ಕಾಯಿಲೆ ಇದೆ, ಒಳಗೆ ಮಾತ್ರೆ ಇದೆ, ದಯವಿಟ್ಟು ಕಳಿಸು ಅಂತ."

"ಅವನ ಒಲೆಗೆ ಬಾಗಿಲಿದೆ, ಬಾಯಿಗಿಲ್ಲ. ಇವತ್ತು ಹೇಳಿದರೆ ನಾಳೆ ಏಜೆಂಟಿನ ಕಿವಿಗೆ. ನಾಡಿದ್ದು ಅವಳು ವಾಪಸ್ಸು. ಮುಂಗಡ ನೀನು ಕೊಡ್ತೀಯಾ?"

"ವಾಪಸ್ ಬಂದರೆ ಬರಲಿ. ಜೀವ ಇಟ್ಕೊಂಡು ಬರ್ತಾಳಲ್ಲ."

"ಬಂದು? ನಿನ್ನ ಪಕ್ಕದಲ್ಲಿ ಇನ್ನೊಂದು ಮಂಚ ಹಾಕಲಾ?"

ಅವನು ಕೋಲು ಎತ್ತಿ ಗೋಡೆಗೆ ಹೊಡೆದ. ಸುಣ್ಣ ಉದುರಿತು. ಕಡ್ಡಿ ಪೊರಕೆ ತಂದು ಗುಡಿಸಿದಳು.

ಅವಳಿಗೆ ಇಬ್ಬರ ಮೇಲೂ ಸಿಟ್ಟಿತ್ತು. ಅಜ್ಜಿಯ ಜೊತೆ ಮಾತು ಬಿಟ್ಟಿದ್ದಳು. ಅಪ್ಪನ ಜೊತೆ ಮಾತಾಡಿ ಪ್ರಯೋಜನವಿರಲಿಲ್ಲ. ಅವನು ಹೇಳಬೇಕು ಹೇಳಬೇಕು ಎನ್ನುತ್ತಿದ್ದನೇ ಹೊರತು ಬೇಕರಿಯವರೆಗೆ ಹೋಗಲಿಲ್ಲ. ಜಾಕೀಟಿಗೆ ಹೋಗಿದ್ದ ಸೊಂಟ ಇದಕ್ಕೆ ನೋಯುತ್ತಿತ್ತು. ವಾರದ ನಡುವೆ ಒಂದು ಬೆಳಿಗ್ಗೆ, ಶಾಲೆಗೆ ಹೋಗುವ ದಾರಿಯಲ್ಲಿ ಕಡ್ಡಿ ಬೇಕರಿಯ ಗಾಜಿನ ಮುಂದೆ ನಿಂತಳು.

"ಏನೇ ಕಡ್ಡಿ, ಬನ್ನಾ?"

"ಮಾಮ, ನಮ್ಮಮ್ಮನಿಗೆ ಫಿಟ್ಸ್ ಬರುತ್ತೆ. ಪಟ್ಟಿ ಒಳಗೆ ಮಾತ್ರೆ ಇದೆ. ಅಜ್ಜಿ ಹೇಳಲ್ಲ. ನೀವು ನಿಮ್ಮ ತಂಗಿಗೆ ಹೇಳಿ ಕಳಿಸಿಕೊಡಿ."

ಬೇಕರಿಯವನು ಕೆಟ್ಟವನಲ್ಲ. ಕೈಯ ಹಿಟ್ಟು ಒರೆಸಿಕೊಂಡು ಗಲ್ಲಾದಿಂದ ಆಚೆ ಬಂದ. "ಭಾನುವಾರದವರೆಗೆ ಫೋನು ಸಿಗಲ್ಲ ಕಣೆ" ಎಂದ. ಆಮೇಲೆ ಅವಳ ಚೀಲಕ್ಕೆ ಒಂದು ಬನ್ನು ಹಾಕಿದ.

ಮೂರನೆಯ ಭಾನುವಾರ ಅವನು ಮನೆಗೇ ಬಂದ. ಟೈಲರಮ್ಮ ಕೂರು ಅಂದರೂ ಕೂರಲಿಲ್ಲ.

"ಮೊದಲೇ ಹೇಳಬಾರದಿತ್ತಾ ಟೈಲರಮ್ಮ?"

"ಏನಾಯ್ತು?"

"ಪಟ್ಟಿ ಮುಟ್ಟಬೇಡ ಅಂತ ನೀವು ಹೇಳಿದಿರಿ, ನಾನು ಹಾಗೇ ಹೇಳಿದೆ. ಅವಳಿಗೆ ಅನುಮಾನ ಬಂತು. ಬಿಚ್ಚಿದ್ದಾಳೆ. ನೋಡಿದರೆ ಹತ್ತೀಲಿ ಸುತ್ತಿದ ಮಾತ್ರೆ, ರಾಶಿ. ತನ್ನ ಕೈಲಿ ಏನೋ ಕಳ್ಳಮಾಲು ಸಾಗಿಸಿದ್ದಾರೆ ಅಂತ ಹೆದರಿಬಿಟ್ಟಿದ್ದಾಳೆ. ಅಲ್ಲಿ ಅದಕ್ಕೆಲ್ಲ ಜೈಲಂತೆ."

"ಮಾತ್ರೆ ಎಲ್ಲಿ?"

"ಕಕ್ಕಸಿಗೆ ಹಾಕಿ ನೀರು ಬಿಟ್ಟಿದ್ದಾಳೆ. ಒಂದೂ ಉಳಿಸಿಲ್ಲ. ನೀವು ಪಟ್ಟಿ ಮಾತು ಎತ್ತದೆ ಇದ್ದಿದ್ದರೆ ಅವಳು ಅದರ ತಂಟೆಗೇ ಹೋಗ್ತಿರಲಿಲ್ಲ."

ಅವನು ಹೋದ ಮೇಲೆ ಟೈಲರಮ್ಮ ಮಶೀನಿನ ಮುಂದೆ ಕೂತಳು. ಯಾರದೋ ಷರಟಿನ ತೋಳು ಜೋಡಿಸುವುದಿತ್ತು. ಎರಡು ಸಲ ತಿರುಗಾಮುರುಗಾ ಜೋಡಿಸಿ ಎರಡು ಸಲ ಬಿಚ್ಚಿದಳು.

ಆ ಮಧ್ಯಾಹ್ನ ಸೊಸೆಯ ಫೋನು ಬಂದಿರಲಿಲ್ಲ. ಸಂಜೆಯೂ ಬರಲಿಲ್ಲ. ಮಂಗಳವಾರ ಏಜೆಂಟು ಬಂದ. ಚಪ್ಪಲಿ ಕಳಚದೆ ನಡುಮನೆಯವರೆಗೂ ನಡೆದ.

"ಎಂಥ ಜನ ನೀವು. ಮೂರ್ಛೆ ರೋಗದವಳನ್ನ ಉಗಿ ರೋಲರಿನ ಮುಂದೆ ನಿಲ್ಲಿಸಿದ್ದೀರಲ್ಲ."

"ಅವಳು ಹೇಗಿದ್ದಾಳೆ ಹೇಳಿ" ಎಂದ ಮಗ. ಕೋಲಿಲ್ಲದೆ ಎದ್ದು ನಿಂತಿದ್ದ.

"ಬದುಕಿದ್ದಾಳೆ. ಹಾಸಿಗೆ ಬಟ್ಟೆ ಇಸ್ತ್ರಿ ಮಾಡೋ ರೋಲರಿಗೆ ಹಾಳೆ ಕೊಡ್ತಾ ಇದ್ದಾಗ ಬಿದ್ದಿದ್ದಾಳೆ. ಬಲಗೈ ಒಳಗೆ ಹೋಗಿದೆ, ಮಣಿಕಟ್ಟಿನವರೆಗೆ. ಪಕ್ಕದವಳು ಸ್ವಿಚ್ಚು ಆರಿಸಿದ್ದಕ್ಕೆ ಅಷ್ಟರಲ್ಲೇ ನಿಂತಿದೆ. ಕಾಯಿಲೆ ಮುಚ್ಚಿಟ್ಟಿದ್ದಕ್ಕೆ ಕಂಪನಿ ಒಂದು ಕಾಸೂ ಕೊಡಲ್ಲ. ವಿಮಾನದ ಖರ್ಚು ಅವಳ ಸಂಬಳದಲ್ಲಿ ಹಿಡೀತಾರೆ. ಉಳಿದ ಮುಂಗಡಕ್ಕೆ ನಿಮ್ಮ ಹತ್ತಿರ ಬರ್ತೀನಿ."

ಟೈಲರಮ್ಮ ಕೇಳಿದಳು: "ಬಲಗೈನಾ?"

"ಬಲಗೈ ಅಂದೆನಲ್ಲ."

ಸೊಸೆ ಬಂದದ್ದು ಆಟೋದಲ್ಲಿ, ಒಬ್ಬಳೇ. ಒಂದು ಪ್ಲಾಸ್ಟಿಕ್ ಚೀಲ ಬಿಟ್ಟರೆ ಕೈಯಲ್ಲಿ ಏನೂ ಇರಲಿಲ್ಲ. ಕಂಪನಿ ಬ್ಯಾಗನ್ನು ಅಲ್ಲೇ ಕಸಿದುಕೊಂಡಿದ್ದರು. ಮೈಮೇಲೆ ಆ ದಪ್ಪ ಹೆಂಗಸಿನ ಅಂಗಿ, ಭುಜದಿಂದ ಜಾರುತ್ತಿತ್ತು. ಬಲಗೈ ಬಟ್ಟೆಯ ಉಂಡೆಯಾಗಿತ್ತು. ಬೀದಿಯವರು ಬಾಗಿಲಿಗೆ ಬಂದು ನೋಡಿದರು. ಬೇಕರಿಯವನು ಯಾರಿಗೆ ಎಷ್ಟು ಹೇಳಿದ್ದನೋ, ಯಾರೂ ಏನೂ ಕೇಳಲಿಲ್ಲ.

ಊಟಕ್ಕೆ ಕೂತಾಗ ಅವಳು ಎಡಗೈಯಲ್ಲಿ ಚಮಚ ಹಿಡಿದಳು. ಅನ್ನ ಮಡಿಲಿಗೆ ಬಿತ್ತು. ಟೈಲರಮ್ಮ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಬಾಯಿ ತೆಗಿ."

"ನಾನೇ ತಿಂತೀನಿ."

"ತೆಗಿ ಅಂದೆ."

ಸೊಸೆ ನಾಲ್ಕು ತುತ್ತು ತಿಂದಳು. ಐದನೆಯದಕ್ಕೆ ಬಾಯಿ ತೆಗೆಯಲಿಲ್ಲ. "ಗುಂಡಿ ಬಿದ್ದುಹೋಗಿತ್ತಾ ಅತ್ತೆ?" ಎಂದಳು.

ಗಂಡ ತಟ್ಟೆ ನೋಡಿದ. ಕಡ್ಡಿ ಅಜ್ಜಿಯನ್ನು ನೋಡಿದಳು.

"ನಾನು ಬಿಚ್ಚಿದೆ" ಎಂದಳು ಟೈಲರಮ್ಮ.

ಸೊಸೆ ತಲೆಯಾಡಿಸಿದಳು. ಮಡಿಲಿಗೆ ಬಿದ್ದ ಅನ್ನವನ್ನು ಎಡಗೈಯಲ್ಲಿ ಆರಿಸುತ್ತಾ ಹೇಳಿದಳು: "ನನ್ನ ಬ್ಯಾಗು ನನ್ನ ಮುಂದೇನೇ ಮೂರು ಸುತ್ತು ಹೋಯ್ತೇನೋ. ನಾನೇ ಅದನ್ನ ತಳ್ಳಿ ತಳ್ಳಿ ಮುಂದಕ್ಕೆ ಕಳಿಸಿರಬೇಕು."

ಆಮೇಲೆ ಮನೆಯಲ್ಲಿ ಆ ಮಾತು ಯಾರೂ ಎತ್ತಲಿಲ್ಲ. ಸೊಸೆಯ ಬೆರಳುಗಳು ಮಡಚಿಕೊಂಡು ಗಟ್ಟಿಯಾದವು. ಲಾಂಡ್ರಿಯವರು ಬರಬೇಡ ಅಂದರು. ಏಜೆಂಟು ಎರಡು ಸಲ ಬಂದು, ಮುಂಗಡದ ಬದಲಿಗೆ ಟೈಲರಮ್ಮನ ಎರಡು ಮಶೀನುಗಳಲ್ಲಿ ಹಳೆಯದನ್ನು ಒಯ್ದ. ಒಂದು ಉಳಿಯಿತು. ಗಂಡ ಅಡುಗೆ ಮಾಡುತ್ತಿದ್ದ. ಉಪ್ಪು ಕೆಲವು ದಿನ ಹೆಚ್ಚು, ಕೆಲವು ದಿನ ಇರುತ್ತಲೇ ಇರಲಿಲ್ಲ. ಯಾರೂ ದೂರಲಿಲ್ಲ. ಅದೇ ಆ ಮನೆಯಲ್ಲಿ ಆದ ದೊಡ್ಡ ಬದಲಾವಣೆ.

ತಿಂಗಳು ಕಳೆದು ಏಜೆಂಟು ಇನ್ನೊಂದು ಗುಂಪು ಸೇರಿಸಿದ. ಮತ್ತೆ ಅದೇ ನೀಲಿ ಬ್ಯಾಗುಗಳು ಬೀದಿಯಲ್ಲಿ ಕಾಣಿಸಿಕೊಂಡವು. ಹಾಲು ಹಾಕುವವಳು ಒಂದು ಬ್ಯಾಗು ತಂದು ಮೇಜಿನ ಮೇಲಿಟ್ಟಳು.

"ಕಿತ್ತಳೆ ಪಟ್ಟಿ ಹಾಕಿಕೊಡಿ ಟೈಲರಮ್ಮ."

"ಬೇರೆ ಏನಾದರೂ ಹಾಕ್ತೀನಿ. ಹೂವಿನ ಬಟ್ಟೆ ಇದೆ."

"ಹೂವು ಬೇಡ. ಹೋದ ಸಲದವರೆಲ್ಲ ಕಿತ್ತಳೇನೇ ಹಾಕಿಸಿದ್ದರಂತಲ್ಲ. ಅದೇ ಹಾಕಿ."

ಸೊಸೆ ಒಳಬಾಗಿಲಲ್ಲಿ ನಿಂತಿದ್ದಳು. ಕೈಯನ್ನು ಸೆರಗಿನಡಿ ಮುಚ್ಚಿಕೊಂಡು ಹಿಂದಕ್ಕೆ ಸರಿದಳು. ಟೈಲರಮ್ಮ ಅವಳ ಕಡೆ ನೋಡಿದಳು, ಮೂಟೆಯಲ್ಲಿ ಉಳಿದಿದ್ದ ಕೊನೆಯ ಜಾಕೀಟಿನ ಕಡೆ ನೋಡಿದಳು. ಮನೆಯಲ್ಲಿ ಅಕ್ಕಿ ಮುಗಿಯುತ್ತಾ ಬಂದಿತ್ತು. ಪಟ್ಟಿ ಕತ್ತರಿಸಿದಳು, ಹೊಲಿದಳು. ಮುಗಿದ ಮೇಲೆ ಕರೆದಳು:

"ಕಡ್ಡಿ, ಡಬ್ಬ ತಗೊಂಡು ಬಾ."

ಕಡ್ಡಿ ಬಂದಳು. ಅಮ್ಮ ಬಂದ ಮೇಲೆ ಅಜ್ಜಿಯ ಜೊತೆ ತೀರ ಅಗತ್ಯದ ಮಾತಷ್ಟೇ.

"ಒಂದು ಗುಂಡಿ ಹೊಲಿ. ನಿನಗೆ ಬಂದ ಹಾಗೆ ಹೊಲಿ."

ಕಡ್ಡಿ ಕಂದು ಗುಂಡಿಯನ್ನೇ ತೆಗೆದಳು, ಅಂಚು ಮುರಿದದ್ದನ್ನು. ಬಿಳಿ ದಾರ ಪೋಣಿಸಿದಳು. ಮತ್ತೆ ಗಂಟುಗಂಟಾಯಿತು. ಅಜ್ಜಿ ಕೈ ಹಾಕಲಿಲ್ಲ.

ಸಂಜೆ ಹಾಲಿನವಳು ಬಂದು ನೋಡಿ ಮೂತಿ ತಿರುವಿದಳು. "ಇದೇನಿದು? ತೆಗೀರಿ ಇದನ್ನ, ಅಸಹ್ಯವಾಗಿದೆ."

"ಅಸಹ್ಯವಾಗೇ ಇರಲಿ" ಎಂದಳು ಟೈಲರಮ್ಮ. "ಬೆಲ್ಟಿನ ಮೇಲೆ ಪಟ್ಟಿ ನೋಡಬೇಡ. ಗುಂಡಿ ನೋಡು."

"ಆಯ್ತು ಆಯ್ತು" ಎಂದು ಅವಳು ದುಡ್ಡು ಕೊಟ್ಟು, ಬ್ಯಾಗು ಉರುಳಿಸಿಕೊಂಡು ಹೊರಟಳು.

ಕಡ್ಡಿ ಹೊಸಿಲ ಮೇಲೆ ನಿಂತು ನೋಡುತ್ತಿದ್ದಳು. ತಿರುವಿನಲ್ಲಿ ಹಾಲಿನವಳು ನಿಂತಳು. ಬಗ್ಗಿ ಗುಂಡಿಯನ್ನು ಹಿಡಿದು ತಿರುಚಿದಳು. ಅದು ಸುಲಭಕ್ಕೆ ಬರಲಿಲ್ಲ. ಕೊನೆಗೆ ಹಲ್ಲಿನಿಂದ ದಾರ ಕಡಿದು, ಗುಂಡಿಯನ್ನು ಚರಂಡಿಯ ಕಡೆ ಎಸೆದು, ಪಟ್ಟಿಯ ಮೇಲೆ ಕೈ ಸವರಿ ಮುಂದೆ ಹೋದಳು.

ಕಡ್ಡಿ ಹೋಗಿ ಹುಡುಕಿದಳು. ಚರಂಡಿಯ ಅಂಚಿನಲ್ಲೇ ಸಿಕ್ಕಿತು. ನಲ್ಲಿಯಲ್ಲಿ ತೊಳೆದಳು, ಲಂಗಕ್ಕೆ ಒರೆಸಿದಳು.

ಒಳಗೆ ಅಪ್ಪ ಈರುಳ್ಳಿ ಹೆಚ್ಚುತ್ತಿದ್ದ. ಅಮ್ಮ ಎಡಗೈಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಜ್ಜಿ ಮಶೀನು ತುಳಿಯುತ್ತಿದ್ದಳು.

"ಎಲ್ಲಿಗೆ ಹೋಗಿದ್ದೆಯೇ?"

"ಎಲ್ಲಿಗೂ ಇಲ್ಲ."

ಕಡ್ಡಿ ಡಬ್ಬದ ಮುಚ್ಚಳ ತೆಗೆದು ಗುಂಡಿಯನ್ನು ಒಳಗೆ ಬಿಟ್ಟಳು. ಅದು ಬಿದ್ದ ಸದ್ದಿಗೆ ಮಶೀನು ನಿಂತಿತು. ಅಜ್ಜಿ ತಿರುಗಿ ನೋಡಲಿಲ್ಲ. ಮತ್ತೆ ತುಳಿಯತೊಡಗಿದಳು.